ನಿಧಾನಕ್ಕೆ ಓಡುವ ಹೊಲಿಗೆ ಮಷೀನು ಬೇಕಾಗಿದೆ

ದಾವಣಗೆರೆಯಲ್ಲಿ ಹೊಲಿಗೆ ಮಷೀನು ಮಾರುವ ಅಂಗಡಿಯವರು ಹೆದರುವುದು ಇಬ್ಬರಿಗೆ ಮಾತ್ರ. ಒಬ್ಬರು ತೆರಿಗೆ ಇಲಾಖೆಯವರು. ಇನ್ನೊಬ್ಬರು ಹರಿಹರದ ನಮ್ಮ ದೊಡ್ಡಮ್ಮ. ತೆರಿಗೆಯವರಾದರೂ ಎಂದೋ ಒಮ್ಮೆ ಬರುತ್ತಾರೆ, ಕಾಗದ ನೋಡುತ್ತಾರೆ, ಟೀ ಕುಡಿದು ಹೋಗುತ್ತಾರೆ. ನಮ್ಮ ದೊಡ್ಡಮ್ಮ ಐದೇ ವಾರದಲ್ಲಿ ಅಶೋಕ ರಸ್ತೆಯಿಂದ ಮಂಡಿಪೇಟೆಯವರೆಗೆ ಒಂದು ಅಂಗಡಿಯನ್ನೂ ಬಿಡದೆ ಹತ್ತಿ ಇಳಿದು, ಅಲ್ಲಿದ್ದ ಅಷ್ಟೂ ಮಷೀನುಗಳನ್ನು ಫೇಲು ಮಾಡಿ ಬಂದವಳು! ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು, ಅಷ್ಟು ಮಂದಿಯನ್ನು ಫೇಲು ಮಾಡಲು ನನಗೆ ಇಪ್ಪತ್ತೆಂಟು ವರ್ಷ ಹಿಡಿದಿತ್ತು.

ಆ ಐದು ವಾರ ಅವಳ ಹಿಂದೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ನೀರಿನ ಬಾಟ್ಲಿ, ಕಂಕುಳಲ್ಲಿ ಮಂಡಿಗೆ ಹಚ್ಚುವ ಎಣ್ಣೆಯ ಚೀಲ ಇಟ್ಟುಕೊಂಡು ಓಡಾಡುತ್ತಿದ್ದ ಬೋಳುತಲೆಯವನೊಬ್ಬನನ್ನು ನೀವು ನೋಡಿದ್ದರೆ, ಅವನೇ ನಾನು.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಸಾರಥಿ ಎಂಬ ಹಳ್ಳಿಯಲ್ಲಿ ಹುಟ್ಟಿ ಹರಿಹರಕ್ಕೆ ಸೊಸೆಯಾಗಿ ಬಂದವಳು. ಈಗ ಎಪ್ಪತ್ತಾರು. ಅದರಲ್ಲಿ ನಲವತ್ತೈದು ವರ್ಷ ಕಾಲಿನಿಂದ ತುಳಿಯುವ ಒಂದೇ ಮಷೀನಿನ ಮುಂದೆ ಕೂತು ಕಳೆದಿದ್ದಾಳೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಐತೆ. ಹುಟ್ಟಿದ ಕೂಸಿಗೆ ಅಂಗಡಿ ಬಟ್ಟೆ ಹಾಕುವಂತಿಲ್ಲ. ಮನೆಯ ಹಿರಿಯರು ಉಟ್ಟು ಉಟ್ಟು ಮೆತ್ತಗಾದ ಹಳೇ ಸೀರೆಯನ್ನು ಕತ್ತರಿಸಿ ಮೊದಲನೇ ಅಂಗಿ ಹೊಲಿಯಬೇಕು, ಆ ಹಿರಿಯರ ಆಯುಷ್ಯ ಕೂಸಿಗೂ ಬರಲಿ ಅಂತ. ಹೊಲಿಯುವವಳು ದೊಡ್ಡಮ್ಮ. ನನ್ನ ಮಗಳ ಮೊದಲನೇ ಅಂಗಿ ಅವಳದೇ. ನನ್ನ ತಮ್ಮಂದಿರ ಮಕ್ಕಳದೂ ಅವಳದೇ. ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಐತೆ: ಕೂಸು ಹುಟ್ಟುವ ಮುಂಚೆ ಬಟ್ಟೆಗೆ ಕತ್ತರಿ ತಾಗಿಸುವಂತಿಲ್ಲ!

ಈಗ ನನ್ನ ಮಗಳು ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು, ಚೊಚ್ಚಲ ಹೆರಿಗೆಗೆ ಅಂತ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಗೆ ಬಂದಿದ್ದಳು. ಬಂದವಳೇ, "ಅಪ್ಪಾಜಿ, ನನ್ನ ಕೂಸಿಗೂ ಅಜ್ಜಿ ಕೈಯಾಗ ಹೊಲಿದ ಅಂಗಿನೇ ಬೇಕು" ಅಂದಳು. ಅದೇ ವಾರ ಮಂಡಿ ಡಾಕ್ಟರು ದೊಡ್ಡಮ್ಮನ ಎಕ್ಸ್‌ರೇ ಬೆಳಕಿಗೆ ಹಿಡಿದು, "ಅಜ್ಜಿ, ಇನ್ನ ಮಷೀನ್ ತುಳಿಯಂಗಿಲ್ಲ ನೀವು" ಅಂದರು.

"ತುಳಿದ್ರೆ ಏನಾಗ್ತೈತ್ರಿ?"

"ನಡೆಯೋಕೆ ಬರಂಗಿಲ್ಲ."

"ನಡೆದು ಎಲ್ಲಿಗೆ ಹೋಗಬೇಕಾಗೈತೆ ನಾನು?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಹೀಗಾಗಿ ಕೂಸು ಬರುವ ಮೊದಲು ಮೋಟರು ಇರುವ ಒಂದು ಒಳ್ಳೆಯ ಮಷೀನು ಬರಬೇಕಾಯಿತು. ಇಲ್ಲದಿದ್ದರೆ ದೊಡ್ಡಮ್ಮನ ಹೊಲಿಗೆಯೂ ಮುಗಿಯಿತು, ನಮ್ಮ ಮನೆಯ ಪದ್ಧತಿಯೂ ಮುಗಿಯಿತು. ಯಾರು ಆರಿಸಬೇಕು? ನಾನೇ ಎದ್ದು ನಿಂತೆ. ಮೋಟರು, ವೇಗ, ಘರ್ಷಣೆ, ಇವೆಲ್ಲ ನನ್ನ ಸಬ್ಜೆಕ್ಟು ಅಲ್ಲವೇ? ನಿಜ ಹೇಳಬೇಕೆಂದರೆ ಜೀವಮಾನದಲ್ಲಿ ಒಂದು ಗುಂಡಿ ಹಚ್ಚಿಕೊಂಡವನಲ್ಲ ನಾನು. ರಿಟೈರಾದ ದಿನ ಹಾರ ಹಾಕಿಸಿಕೊಂಡಾಗಲೂ ಶರ್ಟಿನ ಎರಡನೇ ಗುಂಡಿಯ ಜಾಗದಲ್ಲಿ ಪಿನ್ನು ಇತ್ತು. ಅದು ಗ್ರೂಪ್ ಫೋಟೋದಲ್ಲಿ ಮಿಂಚಿದೆ.

ಮೂರು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಹದಿನಾಲ್ಕು ಕಾಲಮ್ಮಿನ ಒಂದು ಪಟ್ಟಿ ಮಾಡಿದೆ. ಮೋಟರಿನ ಶಕ್ತಿ, ತೂಕ, ಸದ್ದು, ಸೂಜಿಯ ನಮೂನೆ, ಗ್ಯಾರಂಟಿ! ನಮ್ಮ ಮನೆಯವಳು ಹಿಂದೆ ನಿಂತು ನೋಡಿ, "ನನ್ನ ನೋಡೋಕೆ ಬಂದಾಗ ಇಷ್ಟು ವಿಚಾರ ಮಾಡಿದ್ದಿಲ್ಲ ನೀವು" ಅಂದಳು.

"ಮಾಡಿದ್ರೆ..." ಅಂತ ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದೆ. ಭೌತಶಾಸ್ತ್ರ ಓದಿದವನಿಗೆ ಎಲ್ಲಿ ಬ್ರೇಕ್ ಹಾಕಬೇಕು ಅಂತಾದರೂ ಗೊತ್ತಿರುತ್ತದೆ.

ಹೊಸದು ಯಾಕೆ, ಹಳೇ ಮಷೀನಿಗೇ ಮೋಟರು ಕೂಡಿಸಿದರೆ ಆಗಲ್ಲವೇ ಅಂತ ನಿಮ್ಮಂಥ ಬುದ್ಧಿವಂತರು ಕೇಳಬಹುದು. ನಾನೂ ಬುದ್ಧಿವಂತನೇ. ಒಂದು ಬೆಳಿಗ್ಗೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ಕೂಡಿಸಿಯೇಬಿಟ್ಟೆ. ದೊಡ್ಡಮ್ಮನಿಗೆ ವಿದ್ಯುತ್ತು ಹೇಗೆ ಚಲನೆಯಾಗುತ್ತದೆ ಅಂತ ಇಪ್ಪತ್ತು ನಿಮಿಷ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, ಒಂದು ದಿಂಬಿನ ಚೀಲ ಸೂಜಿ ಕೆಳಗಿಟ್ಟು ಪೆಡಲ್ ಒತ್ತಿದಳು. ಒತ್ತಿದ್ದಷ್ಟೇ ಗೊತ್ತು! ಆ ಮುದಿ ಮಷೀನು ಗೂಳಿಯ ಹಾಗೆ ನುಗ್ಗಿತು. ನಾನು ಪ್ಲಗ್ ಕೀಳುವಷ್ಟರಲ್ಲಿ ದಿಂಬಿನ ಚೀಲ, ಅದರೊಳಗಿನ ದಿಂಬು, ದೊಡ್ಡಮ್ಮನ ಸೆರಗು ಮೂರೂ ಒಂದಾಗಿದ್ದವು. ನಾನು ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಚ್ಚುವ ಅರ್ಧ ಗಂಟೆ ದೊಡ್ಡಮ್ಮ ದಿಂಬಿನ ಸಮೇತ ಕೂತು ಚಾ ಕುಡಿದಳು.

"ಇದನ್ನೇ ಏನೋ ನೀನು ಹುಡುಗರಿಗೆ ಹೇಳಿಕೊಡ್ತಿದ್ದದ್ದು?" ಅಂತ ಒಮ್ಮೆ ಕೇಳಿದಳು. ಮೋಟರು ಅವತ್ತೇ ಬಿಚ್ಚಿಸಿದೆವು.

ಆಮೇಲೆ ಅಂಗಡಿ ಯಾತ್ರೆ ಶುರುವಾಯಿತು. ವಾರಕ್ಕೆ ಎರಡು ಸಲ ದೊಡ್ಡಮ್ಮ ಹರಿಹರದಿಂದ ಬಸ್ಸಿಗೆ ಬರುವುದು, ನಾನು ಸ್ಕೂಟರಿನಲ್ಲಿ ಕೂಡಿಸಿಕೊಂಡು ಹೋಗುವುದು. ಮೊದಲನೇ ಅಂಗಡಿಯವನು ಒಳ್ಳೆಯ ಮಾತುಗಾರ.

"ಬರ್ರಿ ಅಮ್ಮಾ, ಕೂಡ್ರಿ. ಇದು ನೋಡ್ರಿ, ಏಕ್‌ದಮ್ ಹೊಸ ಮಾಲು. ನಿಮಿಷಕ್ಕೆ ಸಾವಿರ ಹೊಲಿಗೆ!"

ನಾನು ನನ್ನ ಪಟ್ಟಿಯಲ್ಲಿ ಸಾವಿರ ಅಂತ ಬರೆದುಕೊಂಡೆ. ದೊಡ್ಡಮ್ಮ ಮಷೀನಿನ ಮೇಲೆ ಅಂಗೈ ಇಟ್ಟು ಕೇಳಿದಳು: "ನಿಧಾನ ಹೋಗ್ತೈತೇನಪ?"

"ಇಲ್ಲಮ್ಮಾ, ಭಾಳ ಫಾಸ್ಟು!"

"ಅಲ್ಲಪ, ನಿಧಾನ. ಒಂದೇ ಒಂದು ಹೊಲಿಗೆ ಹಾಕಿ ಸುಮ್ಮನೆ ನಿಂತ್ಕಂತೈತೇನು?"

ಅವನು ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ನಿಲ್ಲಿಸೋಕೆ ಮಷೀನ್ ಯಾಕ ಬೇಕ್ರಿ ಸಾರ್?" ಅಂದ. ನನಗೂ ಅದೇ ಅನಿಸಿತ್ತು, ಆದರೆ ನಾನು ದೊಡ್ಡಮ್ಮನ ಕಡೆಯವನು. ಗಂಭೀರವಾಗಿ ತಲೆ ಆಡಿಸಿದೆ.

ದೊಡ್ಡಮ್ಮ ತನ್ನ ಕೈಚೀಲ ತೆಗೆದಳು. ಅದರಿಂದ ಹಳೇ ಕ್ಯಾಲೆಂಡರಿನ ಒಂದು ಹಾಳೆ, ಒಂದು ಪೆನ್ಸಿಲ್ಲು, ಕುಂಕುಮದ ಭರಣಿಯ ಮುಚ್ಚಳ ಹೊರಬಂದವು. ಮುಚ್ಚಳವನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದಳು. ದಾರ ತೆಗೆಸಿ, ಬರೀ ಸೂಜಿಯಿಂದ ಆ ಪುಟ್ಟ ವೃತ್ತದ ಗೆರೆಯ ಮೇಲೇ ಹೊಲಿಯಲು ಹೋದಳು. ಮಷೀನು ಮೂರೇ ಹೊಲಿಗೆಯಲ್ಲಿ ಗೆರೆ ದಾಟಿ ಕ್ಯಾಲೆಂಡರಿನ ಅಮಾವಾಸ್ಯೆಯಿಂದ ಹುಣ್ಣಿಮೆಗೆ ಹೋಗಿ ನಿಂತಿತು. ದೊಡ್ಡಮ್ಮ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಅಂಗಡಿಯಲ್ಲಿದ್ದವರೆಲ್ಲ ಕತ್ತೆತ್ತಿ ತೂತುಗಳನ್ನು ನೋಡಿದೆವು.

"ಫೇಲು" ಅಂದಳು.

"ದೊಡ್ಡಮ್ಮ, ಇಷ್ಟು ಸಣ್ಣ ವೃತ್ತ ಯಾರು ಹೊಲಿತಾರೆ?" ಅಂದೆ ನಾನು.

"ಕೂಸಿನ ತೋಳು ಇದಕ್ಕಿಂತ ದಪ್ಪ ಇರ್ತೈತೇನು? ಕಂಕುಳಾಗ ಒಂದು ಹೊಲಿಗೆ ಅಡ್ಡ ಬಿದ್ರೂ ಚರ್ಮಕ್ಕೆ ಒತ್ತತೈತೆ. ಅದಕ್ಕೆ ಬಾಯಿ ಇರ್ತೈತೇನು ಹೇಳಾಕೆ? ಅಳ್ತೈತೆ. ನೀವು ಹೊಟ್ಟೆ ನೋವು ಅಂತ ಬಜೆ ತೇದು ಕುಡಿಸ್ತೀರಿ."

ಹದಿನಾಲ್ಕು ಕಾಲಮ್ಮಿನ ನನ್ನ ಪಟ್ಟಿಯಲ್ಲಿ ಕೂಸಿನ ಕಂಕುಳಿಗೆ ಒಂದು ಕಾಲಮ್ಮೂ ಇರಲಿಲ್ಲ. ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

ಎರಡನೆಯ ಅಂಗಡಿಯಲ್ಲಿ ಅವಳು ಅವರು ಕೊಟ್ಟ ಚಾ ಲೋಟವನ್ನೇ ಓಡುತ್ತಿದ್ದ ಮಷೀನಿನ ಮೇಜಿನ ಮೇಲಿಟ್ಟು, ತುಳುಕುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿದಳು. ತುಳುಕಿತು. ಗ್ಯಾರಂಟಿ ಕಾರ್ಡು ಒದ್ದೆಯಾಯಿತು. ಮೂರನೆಯದರಲ್ಲಿ ಮಷೀನಿನ ಹೊಟ್ಟೆ ತೆಗೆಸಿ ಎಣ್ಣೆಯ ವಾಸನೆ ನೋಡಿ ಮೂಗು ಮುರಿದಳು. ನಾಲ್ಕನೆಯದರಲ್ಲಿ ಪೆಡಲ್ ಮೇಲೆ ಚಪ್ಪಲಿ ಇಡುವುದು ಪಾಪ ಅಂತ ಬರಿಗಾಲಲ್ಲಿ ನಮಸ್ಕಾರ ಮಾಡಿ ಒತ್ತಿದಳು. ನಮಸ್ಕಾರ ನೋಡಿ ಮಾಲೀಕರು ವ್ಯಾಪಾರ ಕುದುರಿತು ಅಂದುಕೊಂಡರು. ಪಾಪ!

ಇಷ್ಟಾಗುವ ಹೊತ್ತಿಗೆ ಸುದ್ದಿ ಬಜಾರಿನಲ್ಲಿ ನಮಗಿಂತ ಮುಂದೆ ಓಡುತ್ತಿತ್ತು. ಐದನೆಯ ಅಂಗಡಿಯವನು ನಾವು ಮೆಟ್ಟಿಲು ಹತ್ತುವುದನ್ನು ನೋಡಿದವನೇ, "ಕರೆಂಟ್ ಇಲ್ಲಮ್ಮಾ ಇವತ್ತು, ಡೆಮೋ ತೋರಿಸೋಕೆ ಆಗಂಗಿಲ್ಲ" ಅಂದ.

ದೊಡ್ಡಮ್ಮ ನಿಧಾನವಾಗಿ ಕತ್ತೆತ್ತಿ ಅವನ ತಲೆಯ ಮೇಲೆ ನೋಡಿದಳು. "ಹಂಗಾರೆ ಈ ಫ್ಯಾನು ಗಾಳಿಗೆ ತಿರುಗ್ತೈತೇನಪ?"

ಅವನು ನಕ್ಕುಬಿಟ್ಟ. ಕೂಡಿಸಿ ಮಷೀನು ತೋರಿಸಿದ. ನಿಜಕ್ಕೂ ಒಳ್ಳೆಯ ಮಷೀನು ಅದು. ಗಟ್ಟಿ ಕಬ್ಬಿಣದ್ದು, ವೇಗ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಒಂದು ಗುಬಟೆಯೂ ಇತ್ತು. ದೊಡ್ಡಮ್ಮ ಅದರ ಮುಂದೆ ಬಹಳ ಹೊತ್ತು ಕೂತಳು. ಎರಡು ಸಲ ಒತ್ತಿದಳು, ಬಿಟ್ಟಳು. ನಾನು ಇನ್ನೇನು ಗೆದ್ದೆ ಅಂದುಕೊಳ್ಳುವಾಗ ಎದ್ದು, "ಇದರ ಬಣ್ಣ ಚಲೋ ಇಲ್ಲ, ನಡಿ" ಅಂದಳು. ಬಣ್ಣ! ಕಪ್ಪು ಬಣ್ಣ! ಅವಳ ಹಳೇ ಮಷೀನಿನದೂ ಅದೇ ಕಪ್ಪು!

ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಏನು ಮಾಡುತ್ತೇನೆ? ಮೂರ್ಖ ಕೆಲಸ ಮಾಡುತ್ತೇನೆ. ಯಾರನ್ನೂ ಕೇಳದೆ ಮೊಬೈಲಿನಲ್ಲೇ ಒಂದು ಭಾರೀ ಕಂಪ್ಯೂಟರ್ ಮಷೀನು ಆರ್ಡರ್ ಮಾಡಿದೆ. ಇನ್ನೂರು ನಮೂನೆ ಹೊಲಿಗೆ, ಪುಟ್ಟ ಪರದೆ, ಸೂಜಿಯ ಹತ್ತಿರ ಒಂದು ದೀಪ. ಡಬ್ಬ ಬಂದ ದಿನ ದೊಡ್ಡಮ್ಮನನ್ನು ಕರೆಸಿ, ಮಗಳ ಕೈಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಮಾಡಿಸಿ, ಸಮಾರಂಭವನ್ನೇ ಏರ್ಪಡಿಸಿದೆ.

ದೊಡ್ಡಮ್ಮ ಕೂತಳು, ಕಾಲಿಟ್ಟಳು. ತೊಂದರೆ ಏನಾಯಿತೆಂದರೆ, ತುಳಿಯುವ ಮಷೀನಿನ ಮೇಲೆ ಪಾದ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗಬೇಕು, ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ. ಮೋಟರಿನ ಪೆಡಲನ್ನು ಸುಮ್ಮನೆ ಒತ್ತಿ ಹಿಡಿಯಬೇಕು. ನಲವತ್ತೈದು ವರ್ಷ ತೂಗಿದ ಪಾದ ನನ್ನ ಮಾತು ಕೇಳುತ್ತದೆಯೇ? ಅದು ತನ್ನಷ್ಟಕ್ಕೆ ತೂಗತೊಡಗಿತು. ಮಷೀನಿಗೆ ಬಿಕ್ಕಳಿಕೆ ಬಂತು. ಡುರ್, ನಿಂತಿತು, ಡುರ್, ನಿಂತಿತು. ನಡುವೆ ಅವಳ ಕೈ ಯಾವುದೋ ಗುಂಡಿಗೆ ತಾಗಿ, ಕ್ಯಾಲೆಂಡರ್ ಹಾಳೆಯ ಮೇಲೆ ಸಾಲಾಗಿ ಬಾತುಕೋಳಿಗಳು ಮೂಡತೊಡಗಿದವು.

"ಬಾತುಕೋಳಿ ಕೇಳಿದ್ನೇನೋ ನಾನು?"

"ಸರೀ ದೊಡ್ಡಮ್ಮ, ಜರುಗು, ನಾ ತೋರಿಸ್ತೀನಿ" ಅಂತ ನಾನು ಕೂತೆ. ಒತ್ತಿದೆ. ಟಪ್ ಅಂತ ಸೂಜಿ ಮುರಿಯಿತು. ಅದರ ತುದಿ ಹಾರಿ ಎಲ್ಲಿ ಬಿತ್ತು ಅಂತೀರಿ? ಮಂಡಕ್ಕಿ ತಟ್ಟೆಯಲ್ಲಿ, ಅಂತ ನಮಗೆಲ್ಲ ಅನಿಸಿತು! ತುಂಬು ಬಸುರಿ ಮಗಳಿಂದ ಹಿಡಿದು ನಾಲ್ವರೂ ನೆಲದ ಮೇಲೆ ಪೇಪರ್ ಹಾಸಿ, ಒಂದು ತಟ್ಟೆ ಮಂಡಕ್ಕಿಯನ್ನು ಒಂದೊಂದೇ ಕಾಳು ಆರಿಸಿದೆವು. ಕೊನೆಗೆ ಸೂಜಿಯ ತುದಿ ಸಿಕ್ಕಿದ್ದು ನನ್ನ ಶರ್ಟಿನ ಜೇಬಿನಲ್ಲಿ, ಹದಿನಾಲ್ಕು ಕಾಲಮ್ಮಿನ ಪಟ್ಟಿಗೆ ಚುಚ್ಚಿಕೊಂಡು. ಬಾತುಕೋಳಿ ಮಷೀನನ್ನು ಮಾರನೇ ದಿನವೇ ವಾಪಸ್ ಕಳಿಸಿದೆ.

"ಹೆರಿಗೆಗೆ ಇನ್ನೂ ಏಳು ವಾರ ಐತಲ್ಲ, ಸಿಗ್ತೈತೆ ಬಿಡ್ರಿ" ಅಂತ ಮನೆಯವಳು ಸಮಾಧಾನ ಮಾಡಿದಳು.

ಏಳು ವಾರ ಸಿಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಗಳಿಗೆ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಗಂಡು ಕೂಸು. ಒಂದೂವರೆ ಕೆಜಿ. ನಾನು ಅಜ್ಜನಾದ ಕೂಡಲೇ ಮಾಡಿದ ಮೊದಲ ಕೆಲಸ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತದ್ದು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಎರಡನೇ ದಿನ ದೊಡ್ಡಮ್ಮ ಬಂದು, ಕಿಟಕಿಯ ಗಾಜಿಗೆ ಹಣೆ ತಾಗಿಸಿ ನೋಡಿ, ಗಾಜಿನ ಮೇಲೆ ಬೆರಳು ಚಾಚಿ ಕೂಸಿನ ಅಳತೆ ಹಿಡಿದುಕೊಂಡು ಬಸ್ಸು ಹತ್ತಿ ಹೋದಳು.

ಐದನೇ ದಿನ ನರ್ಸಮ್ಮ ಹೊರಗೆ ಬಂದು, "ಉಸಿರಾಟ ಚೆನ್ನಾಗೈತ್ರಿ, ಪೆಟ್ಟಿಗೆಯಿಂದ ಹೊರಗೆ ತೆಗೀತೀವಿ. ಮೆತ್ತನೆ ಬಟ್ಟೆದು ಒಂದು ಅಂಗಿ ತಗೊಂಬರ್ರಿ, ಮುಂದೆ ದಾರದ ಕಸಿ ಕಟ್ಟುವಂಥದ್ದು. ಕೂಸಿಗೆ ಸರಿಯಾಗಬೇಕು, ದೊಗಳೆ ಇದ್ರೆ ಬೆಚ್ಚಗಿರಲ್ಲ" ಅಂದರು. ಪದ್ಧತಿ ಗಿದ್ಧತಿ ಎಲ್ಲ ಮರೆತು ಅಂಗಡಿಗೆ ಓಡಿ, ಇದ್ದುದರಲ್ಲೇ ಎಲ್ಲಕ್ಕಿಂತ ಸಣ್ಣ ಅಂಗಿ ತಂದೆ. ಅದರ ಒಂದು ತೋಳಿನೊಳಗೇ ಕೂಸು ಪೂರ್ತಿ ಹಿಡಿಸುವಂತಿತ್ತು. ನರ್ಸಮ್ಮ ಅದನ್ನು ನನ್ನ ಕೈಗೇ ಹಿಂತಿರುಗಿಸಿದರು. ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಬಸ್ ಹತ್ತಿ ಬಾ" ಅಂದಳು, ಅಷ್ಟೇ.

ಹರಿಹರದ ಮನೆಯಲ್ಲಿ ಅವಳ ಹಳೇ ಸೀರೆ ಕುದಿಸಿ, ಒಗೆದು, ಒಣಗಿಸಿ, ಕತ್ತರಿಸಿ ಸಿದ್ಧವಾಗಿತ್ತು. ತುಂಡುಗಳು ನನ್ನ ಅಂಗೈಗಿಂತ ಸಣ್ಣವು. ಅವಳು ತನ್ನ ಹಳೇ ಮಷೀನಿನ ಮುಂದೆ, ನೋಯುವ ಕಾಲನ್ನು ಪಕ್ಕಕ್ಕೆ ಚಾಚಿ ಕೂತಿದ್ದಳು. "ಬಟ್ಟೆ ಹಿಡಿಯೋಕೆ ಎರಡೂ ಕೈ ಬೇಕು ನನಗೆ. ನೀ ಗಾಲಿ ತಿರುಗಿಸು. ನಾ ಹೂಂ ಅಂದ್ರೆ ಒಂದು ಹೊಲಿಗೆ. ಸಾಕು ಅಂದ್ರೆ ನಿಲ್ಲು."

ಇಪ್ಪತ್ತೆಂಟು ವರ್ಷ ಗಾಲಿ, ಅಚ್ಚು, ಚಲನೆ ಅಂತ ಬೋರ್ಡಿನ ಮೇಲೆ ಬರೆದವನು ಜೀವನದಲ್ಲಿ ಮೊದಲ ಬಾರಿಗೆ ಒಂದು ಗಾಲಿ ತಿರುಗಿಸಿದೆ. ಹೂಂ. ಒಂದು ಹೊಲಿಗೆ. ಸಾಕು. ಅವಳು ಬಟ್ಟೆಯನ್ನು ಕೂದಲೆಳೆಯಷ್ಟು ತಿರುಗಿಸುವಳು. ಹೂಂ. ಇನ್ನೊಂದು. ಎರಡು ಸಲ ಹೆಚ್ಚು ತಿರುಗಿಸಿ ಬೈಸಿಕೊಂಡೆ. ಒಂದು ತೋಳು ಕೂಡಿಸುವಷ್ಟರಲ್ಲಿ ನನ್ನ ಬನಿಯನ್ ಬೆವರಿಗೆ ತೊಯ್ದಿತ್ತು.

"ಆ ಕಪ್ಪು ಮಷೀನು ನಿಧಾನ ಓಡ್ತಿತ್ತಲ್ಲ ದೊಡ್ಡಮ್ಮ, ಯಾಕ ಬ್ಯಾಡ ಅಂದಿ?" ಅಂತ ಕೇಳಿದೆ.

ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಹೆದರಿಕೆ ಆತಪ" ಅಂದಳು. "ಇದರ ಮೇಲಾದ್ರೆ ನಾ ಟೈಲರ್ರು. ಅದರ ಮೇಲೆ ಕುಂತ್ರೆ ನನಗೇನೂ ಬರಂಗಿಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಡ್ತೈತೆ. ಅಂಗಡಿಯವರಿಗೆ, ನಿನಗೆ, ನಿನ್ನ ಮಗಳಿಗೆ. ಅದಕ್ಕೆ ಮಷೀನನ್ನೇ ಫೇಲು ಮಾಡಿದೆ. ಹೂಂ, ತಿರುಗಿಸು."

ನಾನು ತಿರುಗಿಸಿದೆ. ಐದು ವಾರ ಅವಳ ಪಕ್ಕದಲ್ಲೇ ನಿಂತವನಿಗೆ ಅವಳ ಹೆದರಿಕೆ ಕಾಣಿಸಿರಲಿಲ್ಲವಲ್ಲ ಅಂತ ನನ್ನ ಮೇಲೇ ನಾಚಿಕೆಯಾಯಿತು.

ಅವತ್ತು ಸಂಜೆಯೇ ದೊಡ್ಡಮ್ಮನನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದೆ, ಕೂಸಿಗೆ ಅಂಗಿ ಹಾಕಿದರು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂತು. ಗಾಜಿನ ಆಚೆ ಇನ್ನೂ ಐದು ಕೂಸುಗಳು ಇದ್ದವು, ಯಾವುದೂ ನಮ್ಮದಕ್ಕಿಂತ ದೊಡ್ಡದಲ್ಲ, ಎಲ್ಲವನ್ನೂ ಟವೆಲ್ ತುಂಡುಗಳಲ್ಲಿ ಸುತ್ತಿದ್ದರು. ಅವುಗಳ ತಾಯಂದಿರಲ್ಲಿ ಒಬ್ಬಳು ಬಂದು, "ಅಜ್ಜಿ, ಈ ಅಂಗಿ ಯಾವ ಅಂಗಡೀದು?" ಅಂತ ಕೇಳಿದಳು. ದೊಡ್ಡಮ್ಮ ಅವಳನ್ನು ನೋಡಿದಳು, ಗಾಜಿನ ಆಚೆ ನೋಡಿದಳು, ನನ್ನ ಮೊಣಕೈ ಹಿಡಿದಳು. "ನಡಿ, ಅಂಗಡಿಗೆ."

ಆ ಕಪ್ಪು ಮಷೀನಿನವನು ನಮ್ಮನ್ನು ನೋಡಿ ಎದ್ದು ನಿಂತ. ಕ್ಯಾಲೆಂಡರ್ ಇಲ್ಲ, ಮುಚ್ಚಳ ಇಲ್ಲ, ಚಾ ಕೂಡ ಬೇಡ ಅಂದಳು. "ಅದನ್ನ ಆಟೋಕ್ಕೆ ಹಾಕಿಸಪ" ಅಂತ ಬೆರಳು ತೋರಿಸಿದಳು. ಹತ್ತು ನಿಮಿಷದಲ್ಲಿ ಮುಗಿಯಿತು!

"ಅಮ್ಮಾ, ಒಂದು ಸಲ ಓಡಿಸಿ ನೋಡಂಗಿಲ್ಲೇನ್ರಿ?" ಅಂತ ಅವನೇ ಕೇಳಿದ.

"ನಾ ಕಲ್ಕಂತೀನಿ ಬಿಡು. ಕೂಸುಗಳು ಕಾಯಂಗಿಲ್ಲ."

ಎರಡು ದಿನ ಅವಳು ಬರೀ ಪೇಪರು ಹೊಲಿದಳು. ಪಾದ ತೂಗಿದಾಗಲೆಲ್ಲ ಅದಕ್ಕೆ ಬೈದುಕೊಂಡು, ಮತ್ತೆ ಒತ್ತಿ ಹಿಡಿದಳು. ಮೂರನೇ ದಿನ ಐದು ಅಂಗಿ ಆಸ್ಪತ್ರೆಗೆ ಬಂದವು. ಆಮೇಲೆ ವಾರಕ್ಕಿಷ್ಟು ಅಂತ ಬರುತ್ತಲೇ ಇವೆ, ತಲುಪಿಸುವ ಕೂಲಿ ನಾನು.

ಕೂಸು ಮನೆಗೆ ಬಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸ್ನಾನ ಮಾಡಿಸಿ ಅದೇ ಅಂಗಿ ತೊಡಿಸಲು ಹೋದರೆ, ಕಸಿ ಕಟ್ಟಲು ಬರುತ್ತಿಲ್ಲ. ತೋಳು ಮೊಣಕೈ ಹತ್ತಿರವೇ ಸಿಕ್ಕಿಕೊಂಡಿದೆ. ಒಂದೂವರೆ ಕೆಜಿಯ ಕೂಸು ಮೈ ತುಂಬಿಕೊಂಡಿದೆ, ಮಗಳು ನಗುತ್ತಿದ್ದಾಳೆ. ನಾನು ಹೆದರುತ್ತಲೇ ಹರಿಹರಕ್ಕೆ ಫೋನ್ ಹಚ್ಚಿದೆ. ಯಾಕೆಂದರೆ ತಾನು ಹೊಲಿದದ್ದು ಬಿಗಿಯಾಯಿತು ಅಂತ ಯಾರಾದರೂ ಅಂದರೆ, "ನನ್ನ ಹೊಲಿಗೆ ಸರಿ ಐತೆ, ನೀವು ಉಣ್ಣೋದು ಕಡಿಮೆ ಮಾಡ್ರಿ" ಅಂತ ಜಗಳಕ್ಕೆ ನಿಲ್ಲುವವಳು ಅವಳು.

"ದೊಡ್ಡಮ್ಮ, ಕೂಸಿನ ಅಂಗಿ ಬಿಗಿಯಾಗೈತೆ. ಹಿಡಿಸವಲ್ದು" ಅಂದೆ.

ಆ ಕಡೆ ಓಡುತ್ತಿದ್ದ ಮಷೀನಿನ ಸದ್ದು ನಿಂತಿತು.

"ಏನಂದಿ? ಇನ್ನೊಮ್ಮೆ ಹೇಳು."

"ಬಿಗಿಯಾಗೈತೆ ದೊಡ್ಡಮ್ಮ. ಕಂಕುಳಾಗ ಒತ್ತತೈತೆ."

"ಇನ್ನೊಮ್ಮೆ ಹೇಳಪ್ಪಾ" ಅಂದಳು. ದನಿಯಲ್ಲಿ ಜಗಳವಿರಲಿಲ್ಲ.

ಫೋನನ್ನು ಮಗಳ ಕೈಗೆ ಕೊಟ್ಟೆ. ಮೂರನೇ ಸಲ ಅವಳೇ ಹೇಳಿದಳು.